ಬೆಟ್ಟ ಎಲ್ಲಿಂದ ಶುರು? ರೈಲ್ವೆ ಸರ್ವೇಯರ್ ಥಿಯೋಡೋರ್ ಜೂಡಾ ಮತ್ತು ಒಂದು ಸಹಿಯ ಬೆಲೆ

ಸರ್ವೇ ಪೇಪರಿನಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿಂದ ಈ ಸಲದ ಪಾಠ ಶುರು ಮಾಡೋಣ. ಬಯಲು ಎಲ್ಲಿ ಮುಗಿಯುತ್ತದೆ, ಬೆಟ್ಟ ಎಲ್ಲಿ ಶುರುವಾಗುತ್ತದೆ?

ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಘಟ್ಟ ಗೋಡೆಯ ಹಾಗೆ ಎದುರಿಗೇ ನಿಂತಿರುತ್ತದೆ. ಆದರೆ ನೆಲ ಚೂರು ಚೂರೇ ಏರುತ್ತಾ, ಅಲೆಅಲೆಯಾಗಿ ದಿಬ್ಬಗಳಾಗಿ, ದಿಬ್ಬಗಳು ಗುಡ್ಡಗಳಾಗಿ, ಎಷ್ಟೋ ಮೈಲಿ ಹೋದ ಮೇಲೆ ಹಿಮದ ಬೆಟ್ಟವಾಗುವ ಕಡೆ ಗೆರೆ ಎಲ್ಲಿ ಎಳೀತೀರಿ? 1863ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಇದ್ದವು. ಎರಡರ ನಡುವೆ ಇಪ್ಪತ್ತು ಮೈಲಿಗೂ ಹೆಚ್ಚಿನ ಅಂತರ. ಆ ಅಂತರದ ಒಂದೊಂದು ಮೈಲಿಗೂ 32,000 ಡಾಲರ್ ವ್ಯತ್ಯಾಸ. ಒಂದು ಉತ್ತರ ಕಂಪನಿಯ ಮಾಲೀಕರದ್ದು. ಇನ್ನೊಂದು ಅದೇ ಕಂಪನಿಯ ಚೀಫ್ ಎಂಜಿನಿಯರ್ ಥಿಯೋಡೋರ್ ಜೂಡಾನದ್ದು. ಆ ಬೆಟ್ಟವನ್ನು ಅಳೆದವನು ಜೂಡಾ. ಅದರ ಮೇಲೆ ರೈಲು ಹೋಗಬಹುದು ಅಂತ ಲೆಕ್ಕ ಹಾಕಿ ತೋರಿಸಿದವನೂ ಅವನೇ.

ಅಮೆರಿಕದ ಮೊದಲ ಖಂಡಾಂತರ ರೈಲು ಮಾರ್ಗದ ಬಗ್ಗೆ ಎಲ್ಲರೂ ಒಂದಿಷ್ಟು ಕೇಳಿರುತ್ತೇವೆ. ಚಿನ್ನದ ಮೊಳೆ, ಎದುರುಬದುರು ನಿಂತ ಎರಡು ಎಂಜಿನ್, ಅವುಗಳ ಮುಂದೆ ಜನ ಕೈಕುಲುಕುವ ಫೋಟೋ. ಆ ಫೋಟೋದಲ್ಲಿ ಜೂಡಾ ಇಲ್ಲ. ಅದು ತೆಗೆಯುವ ಹೊತ್ತಿಗೆ ಆತ ಸತ್ತು ಐದೂವರೆ ವರ್ಷವಾಗಿತ್ತು.

ಮೊದಲು ಊರಿನ ವಿಷಯ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೋಮಾ ಎಂಬಲ್ಲಿ ಚಿನ್ನ ಸಿಕ್ಕಿತು. ಸಿಕ್ಕಿದ್ದು ಬೆಟ್ಟದ ಕಡೆ, ಆದರೆ ಬೆಳೆದದ್ದು ಕೆಳಗಿನ ಬಯಲಿನ ಊರು, ಸ್ಯಾಕ್ರಮೆಂಟೊ. ಎರಡು ನದಿ ಕೂಡುವ ಜಾಗ. ಸ್ಯಾನ್ ಫ್ರಾನ್ಸಿಸ್ಕೊದಿಂದ ದೋಣಿ, ಸ್ಟೀಮರ್ ಅಲ್ಲಿಯವರೆಗೂ ಬರುತ್ತಿದ್ದವು. ಗಣಿಗೆ ಹೋಗುವವನು ಗುದ್ದಲಿ, ಬೂಟು, ಹಿಟ್ಟು, ಕಂಬಳಿ ಎಲ್ಲ ಅಲ್ಲೇ ಕೊಂಡು ಮೇಲೆ ಹತ್ತಬೇಕಿತ್ತು. ಹಾಗಾಗಿ ಚಿನ್ನ ಅಗೆದವರಿಗಿಂತ ಗುದ್ದಲಿ ಮಾರಿದವರೇ ನೆಟ್ಟಗೆ ದುಡ್ಡು ಮಾಡಿಕೊಂಡರು. ಊರನ್ನು ಚೌಕಾಕಾರದ ಗ್ರಿಡ್‌ನಲ್ಲಿ ಹಾಕಿದ್ದರು. ಒಂದು ದಿಕ್ಕಿನ ಬೀದಿಗಳಿಗೆ ಅಕ್ಷರ, ಇನ್ನೊಂದು ದಿಕ್ಕಿನವಕ್ಕೆ ಸಂಖ್ಯೆ. ಜಯನಗರದ ಮೇನು, ಕ್ರಾಸು ನೆನಪಿಸಿಕೊಳ್ಳಿ. 1850ರಲ್ಲಿ ದೊಡ್ಡ ಪ್ರವಾಹ, 1852ರಲ್ಲಿ ಊರಿನ ಬಹುಪಾಲು ಸುಟ್ಟುಹೋದ ಬೆಂಕಿ. ಆದರೂ ಜನ ಬಿಡಲಿಲ್ಲ. 1850ರ ಗಣತಿಯಲ್ಲಿ 6,820 ಇದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ ಎರಡರಷ್ಟಾಗಿ 13,785ಕ್ಕೆ ಮುಟ್ಟಿತು. 1854ರಲ್ಲಿ ರಾಜ್ಯದ ರಾಜಧಾನಿಯೂ ಆಯಿತು.

ಅದೇ 1854ರಲ್ಲಿ ಜೂಡಾ ದಂಪತಿ ಆ ಊರಿಗೆ ಬಂದಿಳಿದರು. ಆತನಿಗೆ ಆಗ 28 ವರ್ಷ. ಹುಟ್ಟಿದ್ದು 1826ರಲ್ಲಿ, ಅಮೆರಿಕದ ಪೂರ್ವ ತೀರದ ಕನೆಕ್ಟಿಕಟ್‌ನಲ್ಲಿ. ತಂದೆ ಪಾದ್ರಿ. ಎಳೆಯ ವಯಸ್ಸಿನಲ್ಲೇ ರೈಲ್ವೆ ಕೆಲಸಕ್ಕೆ ಸೇರಿದ ಜೂಡಾ, ನಯಾಗರಾ ಕಮರಿಯ ಅಂಚಿನಲ್ಲಿ ಹೋಗುವ ರೈಲು ಮಾರ್ಗದ ಕೆಲಸದಿಂದ ಹೆಸರು ಮಾಡಿದ್ದ. ಸ್ಯಾಕ್ರಮೆಂಟೊದಿಂದ ಗಣಿಗಳ ಕಡೆಗೆ ಒಂದು ರೈಲು ಹಾಕಬೇಕು, ಬರುತ್ತೀಯಾ ಅಂತ ಕರೆ ಬಂತು. ಹೆಂಡತಿ ಆನಾಳನ್ನು ಕರೆದುಕೊಂಡು ಹೊರಟೇಬಿಟ್ಟ. ಆಗ ಪೂರ್ವದಿಂದ ಪಶ್ಚಿಮ ತೀರಕ್ಕೆ ಹೋಗುವುದು ಅಂದರೆ ಹಡಗು ಹತ್ತಿ ಮಧ್ಯ ಅಮೆರಿಕಕ್ಕೆ ಇಳಿದು, ಸೊಳ್ಳೆ ಜ್ವರದ ಸೀಮೆ ದಾಟಿ, ಇನ್ನೊಂದು ಹಡಗು ಹತ್ತಿ ಮೇಲೆ ಬರುವುದು. ಇಲ್ಲವೇ ಎತ್ತಿನ ಗಾಡಿಯಲ್ಲಿ ತಿಂಗಳುಗಟ್ಟಲೆ. ಒಂದೇ ದೇಶದ ಎರಡು ಅಂಚುಗಳ ನಡುವೆ ಓಡಾಡಲು ಬೇರೆ ದೇಶ ಸುತ್ತಿ ಬರಬೇಕಾದ ಪರಿಸ್ಥಿತಿ.

ಜೂಡಾ ಹಾಕಿದ ಆ ಮೊದಲ ರೈಲು ಸ್ಯಾಕ್ರಮೆಂಟೊದಿಂದ ಫೋಲ್ಸಮ್‌ವರೆಗೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್. 1856ರ ಫೆಬ್ರವರಿ 22ರಂದು ಉದ್ಘಾಟನೆಯಾಯಿತು. ಕೆಲಸ ಮುಗಿಯಿತು ಅಂತ ಮನೆಗೆ ಹೋಗುವ ಆಸಾಮಿ ಅಲ್ಲ ಆತ. ಫೋಲ್ಸಮ್‌ನಲ್ಲಿ ಹಳಿ ನಿಂತ ಜಾಗದಿಂದ ಪೂರ್ವಕ್ಕೆ ನೋಡಿದರೆ ಸಿಯೆರಾ ನೆವಾಡಾ ಬೆಟ್ಟಸಾಲು. ಅದನ್ನು ದಾಟಿ ಹೋದರೆ ಇಡೀ ದೇಶ. ಅಲ್ಲಿಂದ ಮುಂದೆ ಸಿಕ್ಕಸಿಕ್ಕವರಿಗೆಲ್ಲ ಅದೇ ಮಾತು. ಜನ ಬೆನ್ನ ಹಿಂದೆ ಆತನನ್ನು ಹುಚ್ಚು ಜೂಡಾ ಅನ್ನಲು ಶುರು ಮಾಡಿದರು.

1857ರಲ್ಲಿ ಆತ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಅದರಲ್ಲಿರುವ ವಾದ ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಎಲ್ಲರಿಗೂ ಬೇಕಾದದ್ದು ಅಂತ ನಮಗೆ ಅನಿಸುತ್ತದೆ. ಅದಕ್ಕೂ ಸ್ವಲ್ಪ ಮುಂಚೆ ಅಮೆರಿಕ ಸರ್ಕಾರ ಸೈನ್ಯದ ಅಧಿಕಾರಿಗಳನ್ನು ಕಳಿಸಿ ಪಶ್ಚಿಮಕ್ಕೆ ಹೋಗುವ ಹಲವು ದಾರಿಗಳನ್ನು ಪರಿಶೀಲಿಸಿತ್ತು. ದಪ್ಪ ದಪ್ಪ ಸಂಪುಟಗಳು ಬಂದವು. ಗಿಡ, ಹಾವು, ಹಕ್ಕಿ, ಕಲ್ಲು, ಮೂಲನಿವಾಸಿಗಳ ಬದುಕು, ಬಣ್ಣದ ಚಿತ್ರಗಳು. ವಿದ್ವತ್ತಿನ ದೃಷ್ಟಿಯಿಂದ ಅಮೂಲ್ಯ. ಜೂಡಾ ಕೇಳಿದ್ದು ಇಷ್ಟೇ: ದುಡ್ಡು ಹಾಕುವವನಿಗೆ ಇದರಿಂದ ಏನು ಗೊತ್ತಾಗುತ್ತದೆ? ಮಣ್ಣು ಎಷ್ಟು ಅಗೆಯಬೇಕು, ಎಷ್ಟು ತುಂಬಬೇಕು, ಸೇತುವೆ ಎಷ್ಟು, ಸುರಂಗ ಎಷ್ಟು, ಏರು ಎಷ್ಟು, ಕೊನೆಗೆ ಖರ್ಚು ಎಷ್ಟು? ಇದು ಯಾವುದೂ ಅದರಲ್ಲಿಲ್ಲ. ಹತ್ತು ದಾರಿ ಮೇಲುಮೇಲೆ ನೋಡುವುದಕ್ಕಿಂತ ಒಂದು ದಾರಿಯನ್ನು ಉಪಕರಣ ಇಟ್ಟು ಪೂರ್ತಿ ಅಳೆಯಿರಿ ಅನ್ನುವುದು ಆತನ ಹಠ. ನಮ್ಮ ಸಿಲೆಬಸ್ಸಿನಲ್ಲಿ ರೆಕನೈಸನ್ಸ್, ಪ್ರಿಲಿಮಿನರಿ, ಲೊಕೇಶನ್ ಅಂತ ಮೂರು ಸರ್ವೇ ಬರುತ್ತವಲ್ಲ, ಮೊದಲನೆಯದನ್ನು ಮಾಡಿ ಮೂರನೆಯದರ ಹೆಸರು ಹೇಳಬೇಡಿ ಅಂತ ಆತ ಸರ್ಕಾರಕ್ಕೆ ಹೇಳಿದ ಅಂದರೂ ಸರಿಯೇ.

ಸರಿ, ಬೆಟ್ಟದ ಸಮಸ್ಯೆ ಏನು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕ್ಯಾಲ್ಕುಲೇಟರ್ ಬೇಡ.

ಸ್ಯಾಕ್ರಮೆಂಟೊ ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲೇ ಇದೆ. ಸಿಯೆರಾದ ಕಣಿವೆದಾರಿ ಸುಮಾರು 7,000 ಅಡಿ ಎತ್ತರದಲ್ಲಿ. ಜೂಡಾ ಕೊನೆಗೆ ತನ್ನ ಮಾರ್ಗಕ್ಕೆ ಇಟ್ಟುಕೊಂಡ ಗರಿಷ್ಠ ಏರು ಮೈಲಿಗೆ 105 ಅಡಿ. ಒಂದು ಮೈಲಿ ಅಂದರೆ 5,280 ಅಡಿ. ಭಾಗಿಸಿ ನೋಡಿ, ಸರಿಸುಮಾರು 50ಕ್ಕೆ 1. ಈ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ರೈಲು ಮಾರ್ಗದ್ದೂ 50ಕ್ಕೆ 1. ಕ್ಯಾಸಲ್ ರಾಕ್‌ನಿಂದ ದೂಧ್‌ಸಾಗರ ದಾಟಿ ಗೋವಾಕ್ಕೆ ಇಳಿಯುವ ಘಟ್ಟದಲ್ಲಿ ಇನ್ನೂ ಕಡಿದು, 37ಕ್ಕೆ 1. ಮಂಗಳೂರು ರೈಲಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ 50ಕ್ಕೆ 1 ಏರು ಕಣ್ಣಿಗೆ ಏರು ಅಂತಲೇ ಅನಿಸುವುದಿಲ್ಲ. ಆದರೆ ಎಂಜಿನ್ನಿಗೆ ಗೊತ್ತು. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಎಳೆಯಲು ಆ ಕಾಲದ ಗಾಡಿಗಳಿಗೆ ಸುಮಾರು 4 ಕೆ.ಜಿ. ಬಲ ಸಾಕು ಅಂತಿಟ್ಟುಕೊಳ್ಳಿ. 50ಕ್ಕೆ 1 ಏರಿನಲ್ಲಿ ಗುರುತ್ವವೇ ಟನ್ನಿಗೆ 20 ಕೆ.ಜಿ. ಹಿಂದಕ್ಕೆ ಎಳೆಯುತ್ತದೆ. 4 ಇದ್ದದ್ದು 24 ಆಯಿತು. ಬಯಲಿನಲ್ಲಿ ಆರು ಡಬ್ಬಿ ಎಳೆಯುವ ಎಂಜಿನ್ ಘಟ್ಟದಲ್ಲಿ ಒಂದು ಡಬ್ಬಿಗೆ ಬಂದು ನಿಂತ ಹಾಗೆ. ಎಂಜಿನ್ ತನ್ನ ಭಾರವನ್ನೂ ಹೊತ್ತು ಹತ್ತಬೇಕು ಅನ್ನುವುದನ್ನು ಸೇರಿಸಿದರೆ ಇನ್ನೂ ಕಷ್ಟ.

ಈಗ ಇನ್ನೊಂದು ಭಾಗಾಕಾರ. 7,000 ಅಡಿಯನ್ನು ಮೈಲಿಗೆ 105ರ ಹಾಗೆ ಹತ್ತಬೇಕಾದರೆ ಕನಿಷ್ಠ 67 ಮೈಲಿ ಬೇಕು. ಅದೂ ಒಂದಡಿಯೂ ಇಳಿಯದೆ, ಒಂದೇ ಸಮ ಹತ್ತಿದರೆ. ನಡುವೆ ಒಂದು ಕಣಿವೆಗೆ 500 ಅಡಿ ಇಳಿದಿರೋ, ಆ 500 ಅಡಿಯನ್ನು ಮತ್ತೆ ಹತ್ತಬೇಕು. ಕಲ್ಲಿದ್ದಲೋ ಸೌದೆಯೋ ಸುಟ್ಟು ಗಳಿಸಿದ ಎತ್ತರ ನೀರುಪಾಲು. ಸಿಯೆರಾದಲ್ಲಿ ಗಾಡಿಗಳು ಓಡಾಡುತ್ತಿದ್ದ ಹಲವು ದಾರಿಗಳ ತೊಂದರೆ ಇದೇ. ಒಂದು ಶಿಖರ ಹತ್ತಿ ಇಳಿದರೆ ಎದುರಿಗೆ ಇನ್ನೊಂದು ಶಿಖರ. ಕುದುರೆಗಾಡಿಗೆ ನಡೆದೀತು, ರೈಲಿಗೆ ಆಗದು. ಜೂಡಾನಿಗೆ ಬೇಕಾಗಿದ್ದು ಕಡಿಮೆ ಎತ್ತರದ ದಾರಿ ಅಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲೂ ತುಂಡಾಗದೆ, ಇಳಿಜಾರಾಗಿ ಒರಗಿಸಿದ ಏಣಿಯ ಹಾಗೆ ಹೋಗುವ ಒಂದು ನೆಲದ ಏಣು.

ಅದನ್ನು ತೋರಿಸಿಕೊಟ್ಟವನು ಎಂಜಿನಿಯರ್ ಅಲ್ಲ, ಔಷಧಿ ಅಂಗಡಿಯವನು. ಡಚ್ ಫ್ಲ್ಯಾಟ್ ಎಂಬ ಗಣಿ ಊರಿನ ಡೇನಿಯಲ್ ಸ್ಟ್ರಾಂಗ್. ತನ್ನ ಊರಿನ ಮೇಲೆ ಹಾದು ಹೋಗುವ ಗಾಡಿದಾರಿಯಾದರೆ ವ್ಯಾಪಾರ ಆಗುತ್ತದೆ ಅಂತ ಬೆಟ್ಟ ಸುತ್ತಿದವನು. ಎರಡು ಕಡೆ ನದಿಗಳ ಆಳ ಕಮರಿ, ಮಧ್ಯೆ ಉದ್ದಕ್ಕೂ ಒಂದೇ ದಿಣ್ಣೆ, ಅದು ಸೀದಾ ಡಾನರ್ ಕಣಿವೆದಾರಿಯವರೆಗೆ ಏರುತ್ತಾ ಹೋಗುತ್ತದೆ, ದಾಟಿದ ಮೇಲೆ ಟ್ರಕೀ ನದಿ ಹಿಡಿದು ಪೂರ್ವಕ್ಕೆ ಇಳಿಯಬಹುದು, ಎರಡನೇ ಶಿಖರದ ಕಾಟವೇ ಇಲ್ಲ ಅಂತ ಆತ ಜೂಡಾನಿಗೆ ಕಾಗದ ಬರೆದ. ಡಾನರ್ ಅನ್ನುವ ಹೆಸರಿಗೆ ಆಗ ಒಳ್ಳೆಯ ಅರ್ಥ ಇರಲಿಲ್ಲ. 1846ರ ಚಳಿಗಾಲದಲ್ಲಿ ಗಾಡಿ ಕಟ್ಟಿಕೊಂಡು ವಲಸೆ ಬಂದ ಒಂದು ತಂಡ ಅಲ್ಲಿಯ ಹಿಮದಲ್ಲಿ ಸಿಕ್ಕಿಬಿದ್ದು, ಹೆಚ್ಚುಕಡಿಮೆ ಅರ್ಧ ಜನ ಸತ್ತ ಜಾಗ ಅದು. 1860ರ ಶರತ್ಕಾಲದಲ್ಲಿ ಇಬ್ಬರೂ ಕುದುರೆ ಹತ್ತಿ ಅಲ್ಲಿಗೆ ಹೋದರು.

ಆ ಸುತ್ತಾಟದಲ್ಲಿ ಎತ್ತರ ನೋಡಲು ಬಳಸಿದ್ದು ಬ್ಯಾರೋಮೀಟರ್. ಈಗ ಮೊಬೈಲಿನಲ್ಲೇ ಆ ಸೆನ್ಸರ್ ಇರುತ್ತದೆ, ಹಾಗಾಗಿ ಅದರ ಗುಣದೋಷ ತಿಳಿದುಕೊಳ್ಳುವುದು ಒಳ್ಳೆಯದೇ. ಸಮುದ್ರ ಮಟ್ಟದಲ್ಲಿ ಪಾದರಸ ಸುಮಾರು 30 ಇಂಚು ನಿಲ್ಲುತ್ತದೆ. 7,000 ಅಡಿಯಲ್ಲಿ ಸುಮಾರು 23 ಇಂಚು. ಅಂದರೆ ಹೆಚ್ಚುಕಡಿಮೆ ಸಾವಿರ ಅಡಿಗೆ ಒಂದು ಇಂಚು. ಕೇಳಲು ಚೆನ್ನಾಗಿದೆ. ಆದರೆ ಮೋಡ ಕವಿದರೂ, ಗಾಳಿ ತಿರುಗಿದರೂ ಪಾದರಸ ಇಂಚಿನ ಹತ್ತನೇ ಒಂದು ಭಾಗ ಸುಮ್ಮನೆ ಅಲ್ಲಾಡಿಬಿಡುತ್ತದೆ. ನೀವು ನಿಂತಲ್ಲೇ ನಿಂತಿದ್ದರೂ ನೂರಡಿ ಹತ್ತಿದ ಹಾಗೆ ತೋರಿಸುತ್ತದೆ! ಅದಕ್ಕೇ ಬುಡದಲ್ಲಿ ಒಂದು ಉಪಕರಣ ಇಟ್ಟು, ಅದೇ ಗಂಟೆಯ ರೀಡಿಂಗ್ ಹೋಲಿಸಿ, ಹವೆಯ ಆಟವನ್ನು ಕಳೆಯುವ ಕ್ರಮ ಬಂತು. ಆದರೂ ಬ್ಯಾರೋಮೀಟರ್ ಹೇಳುವುದು ಈ ದಾರಿ ನೋಡಲು ಯೋಗ್ಯವೋ ಅಲ್ಲವೋ ಅನ್ನುವುದನ್ನು ಮಾತ್ರ. ಹಳಿ ಎಲ್ಲಿ ಕೂರಬೇಕು ಅನ್ನುವುದಕ್ಕೆ ಲೆವೆಲ್, ಟ್ರಾನ್ಸಿಟ್, ಚೈನು ಬೇಕು. ಆಳು, ಕುದುರೆ, ಕಾಲ, ದುಡ್ಡು ಬೇಕು.

ದುಡ್ಡು ಕೇಳಲು ಆತ ಮೊದಲು ಹೋದದ್ದು ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಸಾಹುಕಾರರ ಹತ್ತಿರ. ಅವರು ಬಾಗಿಲು ತೋರಿಸಿದರು. ವಾಪಸ್ ತನ್ನ ಊರಿಗೆ ಬಂದ. ಸ್ಯಾಕ್ರಮೆಂಟೊದ ಕೆ ಬೀದಿಯಲ್ಲಿ ಹಂಟಿಂಗ್ಟನ್ ಮತ್ತು ಹಾಪ್‌ಕಿನ್ಸ್ ಎಂಬಿಬ್ಬರ ಹಾರ್ಡ್‌ವೇರ್ ಅಂಗಡಿ. ಅದರ ಮಹಡಿಯ ಮೇಲೆ ಊರಿನ ವರ್ತಕರ ಸಭೆ ಸೇರಿತು. ಬಂದವರಲ್ಲಿ ದಿನಸಿ ಸಗಟು ವ್ಯಾಪಾರದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್, ಜವಳಿ ವ್ಯಾಪಾರದ ಚಾರ್ಲ್ಸ್ ಕ್ರಾಕರ್ ಇದ್ದರು. ಮುಂದೆ ಇತಿಹಾಸ ಈ ನಾಲ್ವರನ್ನು ಬಿಗ್ ಫೋರ್ ಅನ್ನುತ್ತದೆ. ಸ್ಟ್ಯಾನ್‌ಫರ್ಡ್ ಅಂದರೆ ಅದೇ, ನಮ್ಮಲ್ಲಿ ಕೆಲವರು ಎಂ.ಎಸ್. ಮಾಡಲು ಅರ್ಜಿ ಹಾಕುವ ವಿಶ್ವವಿದ್ಯಾಲಯ ಸ್ಥಾಪಿಸಿದವನು.

ಇಲ್ಲಿ ಜೂಡಾನ ಜಾಣತನ ನೋಡಿ. ಇಷ್ಟು ವರ್ಷ ಎಲ್ಲರ ಮುಂದೆ ಖಂಡ ದಾಟುವ ರೈಲು, ದೇಶದ ಭವಿಷ್ಯ ಅಂತ ಮಾತಾಡಿ ಮಾತಾಡಿ ಹುಚ್ಚ ಅನ್ನಿಸಿಕೊಂಡಿದ್ದ. ಅಂಗಡಿಯವರ ಮುಂದೆ ಅದನ್ನು ಬದಿಗಿಟ್ಟ. ಬೆಟ್ಟದ ಆಚೆ ನೆವಾಡಾದಲ್ಲಿ 1859ರಲ್ಲಷ್ಟೇ ದೊಡ್ಡ ಬೆಳ್ಳಿ ಗಣಿ ಸಿಕ್ಕಿತ್ತು. ಅಲ್ಲಿಗೆ ಸಾಮಾನು ಸಾಗಿಸುವ ದಾರಿ ನಿಮ್ಮ ಕೈಯಲ್ಲಿದ್ದರೆ ನಿಮ್ಮ ಅಂಗಡಿಗಳ ಗತಿ ಏನಾಗಬಹುದು ಯೋಚಿಸಿ ಅಂದ. ಸದ್ಯಕ್ಕೆ ಸರ್ವೇಗೆ ಮಾತ್ರ ಕೊಡಿ ಅಂದ. ಗುದ್ದಲಿ ಮಾರುವವರಿಗೆ ಅರ್ಥವಾಗುವ ಭಾಷೆ ಅದು. 1861ರ ಜೂನ್ 28ರಂದು ಸೆಂಟ್ರಲ್ ಪೆಸಿಫಿಕ್ ರೈಲ್‌ರೋಡ್ ಕಂಪನಿ ನೋಂದಣಿಯಾಯಿತು. ಸ್ಟ್ಯಾನ್‌ಫರ್ಡ್ ಅಧ್ಯಕ್ಷ, ಹಂಟಿಂಗ್ಟನ್ ಉಪಾಧ್ಯಕ್ಷ, ಹಾಪ್‌ಕಿನ್ಸ್ ಖಜಾಂಚಿ, ಜೂಡಾ ಚೀಫ್ ಎಂಜಿನಿಯರ್.

ಆ ಬೇಸಿಗೆಯಿಡೀ ಬೆಟ್ಟದ ಮೇಲೆ ಉಪಕರಣದ ಸರ್ವೇ ನಡೆಯಿತು. ಆನಾ ಕೂಡ ಬೆಟ್ಟಕ್ಕೆ ಹೋಗುತ್ತಿದ್ದಳು, ಆ ನೋಟಗಳ ಚಿತ್ರ ಬರೆದಳು. ವರದಿ ಬಂದಾಗ ಅದರಲ್ಲಿ ಹಕ್ಕಿ ಹಾವು ಇರಲಿಲ್ಲ. ಸ್ಯಾಕ್ರಮೆಂಟೊದಿಂದ ರಾಜ್ಯದ ಗಡಿಯವರೆಗೆ 140 ಮೈಲಿ, 18 ಸುರಂಗ, ಅಂದಾಜು ಖರ್ಚು 1 ಕೋಟಿ 23 ಲಕ್ಷ 80 ಸಾವಿರ ಡಾಲರ್, ಸರಾಸರಿ ಮೈಲಿಗೆ 88 ಸಾವಿರ ಚಿಲ್ಲರೆ. 1857ರಲ್ಲಿ ಸರ್ಕಾರವನ್ನು ಕೇಳಿದ ಪ್ರಶ್ನೆಗಳಿಗೆಲ್ಲ ನಾಲ್ಕು ವರ್ಷದ ಮೇಲೆ ತಾನೇ ಉತ್ತರ ಬರೆದ.

ನಕಾಶೆ ಸುತ್ತಿಕೊಂಡು ವಾಷಿಂಗ್ಟನ್‌ಗೆ ಹೋದ. ಅಲ್ಲಿ ನಡೆದದ್ದನ್ನು ಇಂದಿನ ಕಣ್ಣಿನಿಂದ ನೋಡಿದರೆ ಹುಬ್ಬೇರುತ್ತದೆ. ರೈಲ್ವೆ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಸಮಿತಿಗಳಿಗೇ ಈತ ಕಾರ್ಯದರ್ಶಿಯಾದ! ಮಸೂದೆಯಿಂದ ಲಾಭ ಪಡೆಯುವ ಕಂಪನಿಯ ಚೀಫ್ ಎಂಜಿನಿಯರ್, ಷೇರುದಾರ, ಸಮಿತಿಯ ಕಾಗದಪತ್ರವನ್ನೂ ನೋಡಿಕೊಳ್ಳುತ್ತಾನೆ. ಹಾಗಾಗಿ ಜೂಡಾನನ್ನು ದೇವರ ಪಟದ ಪಕ್ಕ ಇಡುವ ಆಸೆ ನಮಗಿಲ್ಲ. ತನ್ನ ರೈಲಿಗಾಗಿ ಏನು ಮಾಡಲೂ ತಯಾರಿದ್ದ ಮನುಷ್ಯ. ಅಂಥವನೂ ಒಂದು ಕಡೆ ಬೇಡ ಅಂದ ಅನ್ನುವುದರಿಂದಲೇ ಮುಂದಿನ ಜಗಳಕ್ಕೆ ತೂಕ ಬರುತ್ತದೆ.

1862ರ ಜುಲೈ 1ರಂದು ಅಧ್ಯಕ್ಷ ಲಿಂಕನ್ ಪೆಸಿಫಿಕ್ ರೈಲ್ವೆ ಕಾಯ್ದೆಗೆ ಸಹಿ ಹಾಕಿದ. ಒಳಯುದ್ಧ ನಡೆಯುತ್ತಿದ್ದ ಕಾಲ ಅದು. ಕಾಯ್ದೆಯ ಪ್ರಕಾರ ಸರ್ಕಾರ ಕಂಪನಿಗೆ ಜಮೀನು ಕೊಡುತ್ತದೆ, ಜತೆಗೆ ಸಾಲಪತ್ರಗಳ ರೂಪದಲ್ಲಿ ಹಣ. ಪುಕ್ಕಟೆ ಅಲ್ಲ, 30 ವರ್ಷದ ಸಾಲ. ಬಯಲಿನಲ್ಲಿ ಮೈಲಿಗೆ 16,000 ಡಾಲರ್. ಸಿಯೆರಾದ ಪಶ್ಚಿಮದ ಬುಡದಿಂದ ಪೂರ್ವಕ್ಕೆ 150 ಮೈಲಿಯವರೆಗೆ, ಕಷ್ಟದ ಕೆಲಸ ಅಂತ, ಮೈಲಿಗೆ 48,000. ಅದಾದ ಮೇಲೆ ಎತ್ತರದ ಒಣ ಪ್ರದೇಶಕ್ಕೆ 32,000. ಬೆಟ್ಟದ ಬುಡ ಎಲ್ಲಿ ಅನ್ನುವುದನ್ನು ಅಧ್ಯಕ್ಷರು ನಿರ್ಧರಿಸತಕ್ಕದ್ದು.

1863ರ ಜನವರಿ 8ರಂದು ಸ್ಯಾಕ್ರಮೆಂಟೊದ ಕೆ ಬೀದಿಯ ಕೊನೆಯಲ್ಲಿ, ಕೆಸರಿನ ನಡುವೆ, ಗುದ್ದಲಿ ಪೂಜೆ ಆಯಿತು. ಅಷ್ಟರಲ್ಲಿ ರಾಜ್ಯದ ಗವರ್ನರ್ ಕೂಡ ಆಗಿದ್ದ ಸ್ಟ್ಯಾನ್‌ಫರ್ಡ್ ಮೊದಲ ಮಣ್ಣು ಹಾಕಿದ. ಹಿಂದಿನ ಜನವರಿಯಲ್ಲಿ ಊರು ಎಷ್ಟು ಮುಳುಗಿತ್ತು ಅಂದರೆ ಅದೇ ಸ್ಟ್ಯಾನ್‌ಫರ್ಡ್ ತನ್ನ ಪ್ರಮಾಣವಚನಕ್ಕೆ ದೋಣಿಯಲ್ಲಿ ಹೋಗಬೇಕಾಗಿ ಬಂದಿತ್ತು.

ಕೆಲಸವೇನೋ ಶುರುವಾಯಿತು, ಕೈಯಲ್ಲಿ ಕಾಸಿಲ್ಲ. ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಮೊದಲ 40 ಮೈಲಿ ಸ್ವಂತ ದುಡ್ಡಿನಲ್ಲಿ ಮುಗಿಸಿ ತೋರಿಸಿದ ಮೇಲೆಯೇ ಸರ್ಕಾರದ ಸಾಲಪತ್ರ. ಹಳಿ, ಎಂಜಿನ್ ಎಲ್ಲ ಪೂರ್ವದಿಂದ ಹಡಗಿನಲ್ಲಿ ಬರಬೇಕು, ಯುದ್ಧದಿಂದ ಬೆಲೆ ಗಗನಕ್ಕೆ. ಈ ಇಕ್ಕಟ್ಟಿನಲ್ಲಿ ಬೆಟ್ಟದ ಬುಡ ಎಲ್ಲಿ ಅನ್ನುವ ಪ್ರಶ್ನೆ ಬಂತು. ಕ್ರಾಕರ್ ರಾಜ್ಯದ ಭೂವಿಜ್ಞಾನಿ ಜೋಸಯಾ ವಿಟ್ನಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರಾಚೆ ಹೋದ. ಸ್ಯಾಕ್ರಮೆಂಟೊದಿಂದ ಏಳು ಮೈಲಿಯಲ್ಲಿ ಆರ್ಕೇಡ್ ಕ್ರೀಕ್ ಎಂಬ ಹಳ್ಳ. ನದಿಯ ಮೆಕ್ಕಲು ಬಯಲು ಮುಗಿದು ನೆಲ ಏರಲು ತೊಡಗುವುದು ಇಲ್ಲಿಂದ, ಇದನ್ನೇ ಬುಡ ಅನ್ನಬಹುದು ಅಂತ ವಿಟ್ನಿ ಅಭಿಪ್ರಾಯ ಕೊಟ್ಟ. ಭೂವಿಜ್ಞಾನದ ಲೆಕ್ಕದಲ್ಲಿ ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿ ನಿಂತು ನೋಡಿದರೆ ಸುತ್ತ ಕಾಣುವುದು ಬಯಲು.

ಜೂಡಾನನ್ನೂ ಇದಕ್ಕೆ ಒಪ್ಪಿಗೆ ಕೊಡು ಅಂದರು. ಆತ ಕೊಡಲಿಲ್ಲ. ಆತನ ಲೆವೆಲ್ ಪುಸ್ತಕದ ಪ್ರಕಾರ ನಿಜವಾದ ಏರು ಶುರುವಾಗುವುದು ಇನ್ನೂ ಇಪ್ಪತ್ತು ಮೈಲಿಗೂ ಹೆಚ್ಚು ಆಚೆ.

ಲೆಕ್ಕ ಮಾಡಿ ನೋಡೋಣ. 48,000ದಲ್ಲಿ 16,000 ಕಳೆದರೆ 32,000. ಇಪ್ಪತ್ತು ಮೈಲಿಗೆ 6 ಲಕ್ಷ 40 ಸಾವಿರ ಡಾಲರ್. ಎಲ್ಲ ಕಡೆ ಇಷ್ಟೇ ಬರೆದಿರುತ್ತಾರೆ. ಆದರೆ ಕಾಯ್ದೆಯನ್ನು ಇನ್ನೊಮ್ಮೆ ಓದಿ. ಬೆಟ್ಟದ ದರ ಸಿಗುವುದು 150 ಮೈಲಿಗೆ ಮಾತ್ರ. ಬುಡವನ್ನು ಇಪ್ಪತ್ತು ಮೈಲಿ ಈಚೆಗೆ ತಂದರೆ ತುದಿಯೂ ಇಪ್ಪತ್ತು ಮೈಲಿ ಈಚೆಗೆ ಬರುತ್ತದೆ, ಆ ಕೊನೆಯಲ್ಲಿ 48,000 ಬದಲು 32,000 ಸಿಗುತ್ತದೆ. ಅಲ್ಲಿ 3 ಲಕ್ಷ 20 ಸಾವಿರ ಖೋತಾ. ಅಂದರೆ ಒಟ್ಟಾರೆ ಗಿಟ್ಟುವುದು ಅರ್ಧ ಮಾತ್ರ. ಹಾಗಿದ್ದೂ ಅಷ್ಟು ಹಠ ಯಾಕೆ? ತುದಿ ಮುಟ್ಟುವುದು ವರ್ಷಗಳ ಮೇಲಿನ ಮಾತು, ಬುಡದ ದುಡ್ಡು ಈಗಲೇ ಕೈಗೆ ಬರುವಂಥದ್ದು. ಮಾಲೀಕರು ಕದ್ದದ್ದಕ್ಕಿಂತ ಹೆಚ್ಚಾಗಿ ನಾಳೆಯದನ್ನು ಇವತ್ತೇ ತೆಗೆದುಕೊಂಡರು ಅನ್ನಬಹುದು. ಕಂಪನಿ ಮುಳುಗದೆ ಉಳಿಯಲು ಅದು ನೆರವಾಗಿದ್ದೂ ಇರಬಹುದು. ಆದರೆ ಜೂಡಾನ ಮುಂದಿದ್ದ ಪ್ರಶ್ನೆ ಕಂಪನಿಗೆ ಲಾಭವೋ ನಷ್ಟವೋ ಅನ್ನುವುದಲ್ಲ. ತಾನು ಅಳೆದ ನೆಲದ ಬಗ್ಗೆ, ಅಳೆದದ್ದಕ್ಕೆ ಹೊಂದದ ಮಾತಿಗೆ ತನ್ನ ಹೆಸರು ಹಾಕಬೇಕೆ ಅನ್ನುವುದು. ನೂರು ನಲವತ್ತು ಮೈಲಿಯ ವರದಿಯನ್ನು ಸಂಸತ್ತು ನಂಬಿದ್ದು ಆ ಹೆಸರಿನ ಮೇಲೆ. ಬುಡದ ಇಪ್ಪತ್ತು ಮೈಲಿಯಲ್ಲಿ ಆ ಹೆಸರು ಸುಳ್ಳಾದರೆ ಮೇಲಿನ 18 ಸುರಂಗದ ಲೆಕ್ಕವನ್ನು ಯಾರು ನಂಬುತ್ತಾರೆ?

ಜಗಳ ಇದೊಂದೇ ಆಗಿರಲಿಲ್ಲ. ಕಟ್ಟುವ ಗುತ್ತಿಗೆಯನ್ನು ಟೆಂಡರ್ ಇಲ್ಲದೆ ಕ್ರಾಕರ್‌ನ ಸಂಸ್ಥೆಗೇ ಕೊಟ್ಟಿದ್ದರು. ತಾವೇ ಕೊಟ್ಟು ತಾವೇ ತೆಗೆದುಕೊಳ್ಳುವ ವ್ಯವಹಾರ. ಜೂಡಾ ಅದನ್ನೂ ವಿರೋಧಿಸಿದ. ಆತನಿಗೆ ಬೇಕಾಗಿದ್ದು ನೂರು ವರ್ಷ ನಿಲ್ಲುವ ಮಾರ್ಗ. ಮಾಲೀಕರಿಗೆ ಬೇಕಾಗಿದ್ದು ಬೇಗ 40 ಮೈಲಿ. ಎರಡೂ ಕಡೆ ಅವರವರ ನ್ಯಾಯ ಇತ್ತು, ಆದರೆ ಮತ ನಾಲ್ಕು ಜನರದ್ದು ಒಂದೇ ಕಡೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಒಂದು ಲಕ್ಷ ಡಾಲರ್ ಮೌಲ್ಯದ ಬಾಂಡು ತಗೊಂಡು ಜೂಡಾ ತನ್ನ ಪಾಲು ಬಿಡುವುದು, ಇಲ್ಲವೇ ತಲಾ ಒಂದು ಲಕ್ಷ ತಂದರೆ ನಾಲ್ವರ ಪಾಲನ್ನು ಆತ ಕೊಳ್ಳಬಹುದು. ಪೂರ್ವದಲ್ಲಿ ಬಂಡವಾಳದಾರರನ್ನು ಹಿಡಿದು ಕಂಪನಿಯನ್ನೇ ಬಿಡಿಸಿಕೊಳ್ಳುತ್ತೇನೆ ಅಂತ ಜೂಡಾ ಹೊರಟ.

1863ರ ಅಕ್ಟೋಬರ್ ಮೊದಲ ವಾರದಲ್ಲಿ ಗಂಡ ಹೆಂಡತಿ ಹಡಗು ಹತ್ತಿದರು. ಮತ್ತದೇ ದಾರಿ, ಪನಾಮಾ ಮೇಲೆ. ಯಾವ ಪ್ರಯಾಣ ಮುಂದೆ ಯಾರಿಗೂ ಬೇಡವಾಗಲಿ ಅಂತ ಆತ ರೈಲು ಕಟ್ಟಲು ಹೊರಟಿದ್ದನೋ ಅದೇ ಪ್ರಯಾಣ. ಪನಾಮಾದಲ್ಲಿ ಹಳದಿ ಜ್ವರ ತಗುಲಿತು. ಸೊಳ್ಳೆಯಿಂದ ಅದು ಹರಡುತ್ತದೆ ಅಂತ ಆಗ ವೈದ್ಯರಿಗೂ ಗೊತ್ತಿರಲಿಲ್ಲ. ಆತ ಜ್ವರದಲ್ಲಿ ಮಲಗಿದ್ದಾಗಲೇ, ಅಕ್ಟೋಬರ್ 26ರಂದು, ಸ್ಯಾಕ್ರಮೆಂಟೊದಲ್ಲಿ ಮೊದಲ ಹಳಿ ಕೂರಿಸಿದರು. ನವೆಂಬರ್ 2ರಂದು ನ್ಯೂಯಾರ್ಕ್‌ನಲ್ಲಿ ಜೂಡಾ ತೀರಿಕೊಂಡ. ವಯಸ್ಸು 37. ಎರಡು ತಿಂಗಳ ಮೇಲೆ, 1864ರ ಜನವರಿಯಲ್ಲಿ, ಲಿಂಕನ್ ಆರ್ಕೇಡ್ ಕ್ರೀಕ್ ಅನ್ನೇ ಬೆಟ್ಟದ ಬುಡ ಅಂತ ಒಪ್ಪಿ ಸಹಿ ಹಾಕಿದ. ವಾಷಿಂಗ್ಟನ್ನಿನ ಒಂದು ಮೇಜಿನ ಮೇಲೆ ಸಿಯೆರಾ ನೆವಾಡಾ ಇಪ್ಪತ್ತು ಮೈಲಿ ಪಶ್ಚಿಮಕ್ಕೆ ಸರಿಯಿತು.

ಜೂಡಾನ ನಂತರ ಸ್ಯಾಮ್ಯುಯೆಲ್ ಮಾಂಟೆಗ್ಯು ಚೀಫ್ ಎಂಜಿನಿಯರ್ ಆದ. ಮಾರ್ಗ ಬಹುಮಟ್ಟಿಗೆ ಜೂಡಾ ಗುರುತು ಹಾಕಿದ ದಿಣ್ಣೆಯ ಮೇಲೆಯೇ ಹೋಯಿತು. 18 ಅಂದಿದ್ದ ಸುರಂಗ 15ಕ್ಕೆ ಮುಗಿದವು. ಎಲ್ಲಕ್ಕಿಂತ ದೊಡ್ಡದು ತುದಿಯ ಸುರಂಗ, 1,659 ಅಡಿ, ಗಟ್ಟಿ ಗ್ರಾನೈಟ್. ಎರಡು ತುದಿಯಿಂದ ಸಾಲದು ಅಂತ ನಡುವೆ ಮೇಲಿನಿಂದ ಬಾವಿ ತೋಡಿ, ಒಳಗಿನಿಂದ ಎರಡೂ ಕಡೆಗೆ, ಹೀಗೆ ನಾಲ್ಕು ಮುಖದಲ್ಲಿ ಕೊರೆದರು. ಆ ಕೊರೆದವರು, ಹಿಮಕುಸಿತದಲ್ಲಿ ಸತ್ತವರು ಮುಖ್ಯವಾಗಿ ಚೀನೀ ಕಾರ್ಮಿಕರು. ಸಾವಿರಾರು ಜನ. ಬಿಳಿಯರಿಗಿಂತ ಕಡಿಮೆ ಕೂಲಿ. ಅವರ ಬಗ್ಗೆ ಬೇರೆಯದೇ ಲೇಖನ ಬೇಕು, ಒಂದು ಪ್ಯಾರಾದಲ್ಲಿ ಮುಗಿಸುವ ವಿಷಯವಲ್ಲ.

ಜೂಡಾನ ಲೆಕ್ಕ ತಪ್ಪಿದ ಒಂದು ಜಾಗವನ್ನೂ ಹೇಳಬೇಕು: ಹಿಮ. ಹಿಮ ಬೀಳಲು ಶುರುವಾದ ಕೂಡಲೇ ಮೇಲಿನಿಂದ ಕೆಳಕ್ಕೆ ಎಂಜಿನ್ನಿಗೆ ನೇಗಿಲು ಕಟ್ಟಿ ಉಜ್ಜುತ್ತಾ ಬಂದರೆ ದಾರಿ ತೆರೆದಿರುತ್ತದೆ ಅಂತ ಆತ ನಂಬಿದ್ದ. ಸಾಲಲಿಲ್ಲ. ಕೊನೆಗೆ ಸುಮಾರು 37 ಮೈಲಿ ಉದ್ದಕ್ಕೂ ಹಳಿಯ ಮೇಲೆ ಮರದ ಚಾವಣಿ ಕಟ್ಟಬೇಕಾಯಿತು. ಪ್ರಯಾಣಿಕರಿಗೆ ಬೆಟ್ಟದ ನೋಟದ ಬದಲು ಹಲಗೆಯ ಕತ್ತಲೆ. ಲೆವೆಲ್ ಇಟ್ಟು ಅಳೆಯಬಹುದಾದದ್ದರಲ್ಲಿ ಆತ ಎಡವಲಿಲ್ಲ, ಹಲವು ಚಳಿಗಾಲ ಕೂತು ನೋಡಬೇಕಾಗಿದ್ದರಲ್ಲಿ ಎಡವಿದ. ಡಿಸೈನ್ ಡೇಟಾ ಎಷ್ಟು ವರ್ಷದ್ದು ಅಂತ ವೈವಾದಲ್ಲಿ ಕೇಳುತ್ತಾರಲ್ಲ, ಅದು ಇದಕ್ಕೇ.

1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಪೂರ್ವದ ಹಳಿ, ಪಶ್ಚಿಮದ ಹಳಿ ಕೂಡಿದವು. ಸ್ಟ್ಯಾನ್‌ಫರ್ಡ್ ಚಿನ್ನದ ಮೊಳೆಗೆ ಸುತ್ತಿಗೆ ಎತ್ತಿದ. ಆನಾ ಜೂಡಾಳನ್ನು ಯಾರೂ ಕರೆದಿರಲಿಲ್ಲ. ಆಕೆ ದೇಶದ ಇನ್ನೊಂದು ತುದಿಯಲ್ಲಿ, ಗಂಡನನ್ನು ಮಣ್ಣು ಮಾಡಿದ ಗ್ರೀನ್‌ಫೀಲ್ಡ್ ಊರಿನಲ್ಲಿದ್ದಳು, ಆ ದಿನ ಯಾರನ್ನೂ ಭೇಟಿಯಾಗದೆ ಒಬ್ಬಳೇ ಉಳಿದಳು. 1847ರ ಮೇ 10ರಂದು ಅದೇ ಊರಿನಲ್ಲಿ ಅವರಿಬ್ಬರ ಮದುವೆಯಾಗಿತ್ತು.

ಕಂಪನಿಯ 3ನೇ ನಂಬರಿನ ಎಂಜಿನ್ನಿಗೆ ಹಂಟಿಂಗ್ಟನ್ ಹೆಸರು, 4ನೇದಕ್ಕೆ ಜೂಡಾನ ಹೆಸರು ಇಟ್ಟಿದ್ದರು. 3ನೇದು ಇವತ್ತಿಗೂ ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ, 4ನೇದು ಗುಜರಿಗೆ ಹೋಯಿತು. ಮಾರ್ಗ ಮಾತ್ರ ಇದೆ. ಬೇ ಏರಿಯಾದಲ್ಲಿರುವ ನಮ್ಮ ಸೀನಿಯರ್‌ಗಳು ಚಳಿಗಾಲದಲ್ಲಿ ಹಿಮ ನೋಡಲು ಇಂಟರ್‌ಸ್ಟೇಟ್ 80 ಹಿಡಿದು ಟಾಹೋ ಕಡೆ ಹೋಗುತ್ತಾರೆ. ಸ್ಯಾಕ್ರಮೆಂಟೊ ದಾಟಿ ಬಯಲಿನಲ್ಲಿ ಹೋಗುವಾಗ ಆರ್ಕೇಡ್ ಕ್ರೀಕ್ ಯಾರ ಗಮನಕ್ಕೂ ಬರುವುದಿಲ್ಲ, ಅಲ್ಲಿ ಯಾವ ಏರೂ ಇಲ್ಲ. ಕೋಲ್ಫ್ಯಾಕ್ಸ್ ದಾಟಿದ ಮೇಲೆ ಕಿಟಕಿಯಿಂದ ಗಮನಿಸಿದರೆ ಆಗಾಗ ರೈಲು ಹಳಿ ಕಾಣಿಸುತ್ತದೆ, ಅದೇ ದಿಣ್ಣೆಯ ಮೇಲೆ, ಏರುತ್ತಾ.